ನೋಟಿಸಿಗೆ ಉತ್ತರ ಹೇಳಿಸುವ ಇಂದಿರಮ್ಮ

ಬಾಬುರಾಯನಕೊಪ್ಪಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಟೀ ಅಂಗಡಿಯ ಜಗಲಿಯ ಸುತ್ತ ಸೇರಿದ್ದಾರೆ. ಜಗಲಿಯ ಮೇಲೆ, ಸ್ವೆಟರಿನ ಮೇಲೆ ಸೆರಗು ಹೊದ್ದು ಕೂತಿರುವವರು ಇಂದಿರ. ಕೈಯಲ್ಲಿ ಸಹನ ಎಂಬ ಹುಡುಗಿಯ ಮೊಬೈಲು. ಸಹನ ಹಳೆಯ ಕಾರ್ಖಾನೆ ಬಿಟ್ಟು ಹೊಸದಕ್ಕೆ ಸೇರಿದ್ದಾಳೆ. ಹಳೆಯ ಪಿಎಫ್ ದುಡ್ಡು ತೆಗೆದು ಫ್ರಿಜ್ ತರುವ ಆಸೆ ಅವಳಿಗೆ.

"ತೆಗೀಬೇಡಮ್ಮ, ಹೊಸ ಕಂಪನಿ ಖಾತೆಗೆ ಸೇರಿಸು" ಎನ್ನುತ್ತಾರೆ ಇಂದಿರ. "ದುಡಿದ ವರ್ಷ ಒಂದಕ್ಕೊಂದು ಸೇರ್ಕೊಂಡು ಹತ್ತಾದ್ರೆ ಪಿಂಚಣಿ ಹಕ್ಕು ಬರುತ್ತೆ. ಪ್ರತಿ ಸಲ ತೆಗೆದ್ರೆ ಮತ್ತೆ ಮೊದಲಿಂದ ಶುರು."

"ಫ್ರಿಜ್ಜು?"

"ಬೇಸಿಗೆ ಇನ್ನೂ ದೂರ ಇದೆ. ತಿಂಗಳಿಗಿಷ್ಟು ಅಂತ ಎತ್ತಿಡು."

ಬಸ್ಸು ಬರುವುದರೊಳಗೆ ಐದಾರು ಮಂದಿ. ಆಮೇಲೆ ಆಟೋದವರು, ಹೂವಿನವರು, ಕೆ.ಆರ್.ಎಸ್. ಕಡೆಯ ಸಣ್ಣ ಹೋಟೆಲಿನವರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾದರೂ ಆಗುತ್ತದೆ. ಬಾಯಿಮಾತಿನ ಸಲಹೆಗೆ ಕಾಸಿಲ್ಲ. ಆದಾಯ ತೆರಿಗೆ ರಿಟರ್ನ್ ತುಂಬಿಕೊಟ್ಟರೆ ಅವರವರ ಕೈಲಾದಷ್ಟು ಕೊಡುತ್ತಾರೆ. ತನಗೆ ಗೊತ್ತಾಗದ್ದನ್ನು ಗೊತ್ತಿಲ್ಲ ಎಂದೇ ಹೇಳಿ ಮೈಸೂರಿನ ಆಡಿಟರ ಬಳಿಗೆ ಕಳಿಸುತ್ತಾರೆ.

ಇಂದಿರ ಗಂಜಾಂನವರು, ದೇವಸ್ಥಾನದ ಮನೆತನ. ಗಂಡ ಜಯರಾಮಯ್ಯ ಮೈಸೂರಿನ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡಾಗ ಪಿಎಫ್ ಹಣ ಕೈಗೆ ಬರಲಿಲ್ಲ. ದಾಖಲೆಗಳಲ್ಲಿ ಒಂದು ಕಡೆ ಜಯರಾಮ, ಇನ್ನೊಂದು ಕಡೆ ಜಯರಾಮಯ್ಯ ಎಂದು ಹೆಸರಿತ್ತು. ಅದನ್ನು ಸರಿಪಡಿಸಲು ಇಂದಿರ ವರ್ಷಗಟ್ಟಲೆ ಕಚೇರಿಗಳಲ್ಲಿ ಆ ಕಿಟಕಿಯಿಂದ ಈ ಕಿಟಕಿಗೆ ಅಲೆದರು. "ಯಾರಾದ್ರೂ ಒಬ್ಬರು ಕೂರಿಸ್ಕೊಂಡು ಹೇಳಿದ್ರೆ ಸಾಕಿತ್ತು. ಹೇಳೋರಿರಲಿಲ್ಲ" ಎನ್ನುತ್ತಾರೆ. ಹೊಟ್ಟೆಪಾಡಿಗೆಂದು ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಟೈಪಿಂಗಿಗೆ ಸೇರಿ, ಅಲ್ಲೇ ಕೆಲಸ ಕಲಿತರು. ವಯಸ್ಸಾಗಿ ಆ ಸಲಹೆಗಾರರು ಕಚೇರಿ ಮುಚ್ಚಿದ ಮೇಲೆ ಈ ಜಗಲಿಗೆ ಬಂದು ಕೂತರು.

ಕಳೆದ ವರ್ಷ ಒಂದು ಬೆಳಿಗ್ಗೆ ಚಿಕ್ಕಬೋರಮ್ಮ ಸೊಸೆ ರಂಜಿತಳ ಕೈಹಿಡಿದು ಬಂದಳು. ಶ್ರೀರಂಗಪಟ್ಟಣದ ಕೋಟೆಯ ಬಳಿ ಎಳನೀರು ಮಾರುವವಳು. ಫೋನಿನಲ್ಲಿ ಬಂದ ಹಣದ ಬಗ್ಗೆ ವಿವರಣೆ ಕೇಳಿ ಜಿಎಸ್‌ಟಿ ನೋಟಿಸು ಬಂದಿತ್ತು. ಅಂಗಡಿಯನ್ನೇ ಮುಚ್ಚಿಬಿಟ್ಟಿದ್ದಳು.

"ನನ್ನ ಪೊಲೀಸ್ನೋರು ಇಡ್ಕಂಡ್ ಓಯ್ತಾರಾ ಅಮ್ಮೋರೆ?"

"ಇದು ಪ್ರಶ್ನೆ ಕೇಳಿರೋ ಕಾಗದ ಬೋರಮ್ಮ. ಉತ್ತರ ಕೊಡೋಣ. ಸುಮ್ನೆ ಕೂತ್ರೆ ಮಾತ್ರ ಕಷ್ಟ."

ಎಳನೀರಿಗೆ ಜಿಎಸ್‌ಟಿ ಇಲ್ಲ. ಆದರೆ ಖಾತೆಗೆ ಬಂದ ಹಣ ಎಳನೀರಿನ ವ್ಯಾಪಾರಕ್ಕಿಂತ ಬಹಳ ಹೆಚ್ಚಿತ್ತು. ಕೆದಕಿ ಕೇಳಿದಾಗ ಬೋರಮ್ಮ ಬಾಯಿಬಿಟ್ಟಳು. "ಪಕ್ಕದ ಆಟದ ಸಾಮಾನಿನ ದೇವರಾಜುಂದು ಖಾತೆ ನಿಂತೋಗದೆ. ಅವನ ಗಿರಾಕಿಗಳೂ ಫೋನಲ್ಲಿ ನನ್ನ ಸ್ಕ್ಯಾನ್ ಸ್ಟಿಕ್ಕರ್‌ಗೇ ದುಡ್ಡಾಕೋರು. ಸಂಜೆ ಅವಂಗೆ ಕೊಟ್ಬುಡ್ತಿದ್ದೆ. ಎಲ್ಲಾ ಎಳನೀರೇ ಅಂತ ಬರುದ್ಬುಡಿ. ಅವನ ಮಕ್ಳು ಸಣ್ಣವು, ಅವನ ಎಸ್ರು ಯಾಕೆ ಎಳೀಬೇಕು?"

"ಸುಳ್ಳು ನಾನು ಬರೆಯಲ್ಲ ಬೋರಮ್ಮ."

ಬೋರಮ್ಮ ಎದ್ದು ಹೋದಳು. ನಂಬಿ ಬಂದವಳನ್ನು ಹೆದರಿಸಿ ಓಡಿಸಿದೆನೇನೋ ಎಂಬ ಕೊರಗು ಇಂದಿರಗೆ. ಬೋರಮ್ಮನ ಒಪ್ಪಿಗೆಯಿಲ್ಲದೆ ದೇವರಾಜುವಿನ ಹತ್ತಿರ ಹೋಗುವಂತೆಯೂ ಇರಲಿಲ್ಲ.

ಎರಡು ದಿನ ಕಳೆದು ಅವನೇ ಬಂದ. ಮುಚ್ಚಿದ ಅಂಗಡಿ ನೋಡಿ ವಿಚಾರಿಸಿದಾಗ ರಂಜಿತ ಎಲ್ಲ ಹೇಳಿದ್ದಳು. ಹಿಂದೆಯೇ ಬೋರಮ್ಮ ಗೊಣಗುತ್ತ ಬಂದಳು. "ನಿಂಗ್ಯಾಕ್ಲಾ ಈ ಉಸಾಬರಿ?"

"ಸುಮ್ಕಿರಕ್ಕ. ಕಷ್ಟಕ್ಕಾದೋಳು ನೀನು" ಎಂದ ದೇವರಾಜು ಇಂದಿರ ಕಡೆ ತಿರುಗಿದ. "ನನ್ನ ಯಾಪಾರ ನಂದೇ ಅಂತ ಸಾಹೇಬ್ರ ಮುಂದೆ ಏಳ್ತೀನಿ ಕಣಮ್ಮ. ಏನಾಯ್ತದೋ ಆಗ್ಲಿ."

ಇಂದಿರ ಅವನನ್ನು ಕೂರಿಸಿ ಲೆಕ್ಕ ಕೇಳಿದರು. ಅವನ ವ್ಯಾಪಾರವೊಂದನ್ನೇ ಲೆಕ್ಕ ಹಾಕಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ಮಿತಿಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. "ನಿಮಗೇನೂ ಆಗಲ್ಲ" ಎಂದಾಗ, ಸೆರಗಿನಿಂದ ಕಣ್ಣೊರೆಸಿಕೊಂಡವಳು ಬೋರಮ್ಮ.

ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡು ಮೂವರೂ ತೆರಿಗೆ ಕಚೇರಿಗೆ ಹೋದರು. ಅಧಿಕಾರಿ ಸಾವಧಾನದಿಂದ ಕೇಳಿದರು, ಎಳನೀರು ತರಿಸಿದ ರಸೀದಿಗಳನ್ನು ತರಹೇಳಿದರು, ದೇವರಾಜುವಿನ ಹೇಳಿಕೆ ಪಡೆದರು. ಮುಂದಿನ ತಿಂಗಳು ನೋಟಿಸು ಕೈಬಿಟ್ಟ ಆದೇಶ ಬಂತು. ದೇವರಾಜುವಿನ ಖಾತೆಗೂ ಜೀವ ಬಂದಿದೆ. ಈಗ ಎರಡು ಅಂಗಡಿಗೂ ಬೇರೆ ಬೇರೆ ಸ್ಟಿಕ್ಕರು.

ಈ ಸುದ್ದಿ ಹಬ್ಬಿದ ಮೇಲೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದಲೂ ಜನ ಬರುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಇಂದಿರ ಹೇಳುತ್ತಾರೆ:

"ವಾರಕ್ಕೊಂದು ದಿನ ನಾಗಮಂಗಲದಲ್ಲಿ ಒಂದು ಕುರ್ಚಿ ಹಾಕ್ಕೊಂಡು ಕೂರಬೇಕು. ಅವರು ಇಲ್ಲಿಗೆ ಬಂದ್ರೆ ಒಂದು ದಿನದ ಕೂಲಿ ಹೋಗುತ್ತೆ. ನಾನು ಹೋದ್ರೆ ಏನು ಹೋಗುತ್ತೆ ಹೇಳಿ. ಹೆಂಗಸರಿಗೆ ಬಸ್ಸು ಹೇಗೂ ಫ್ರೀ."