ನೀರು ಬಿಟ್ಟಾಗ ಬಂದು ನೋಡು

ಅವರ ಬಲ ಅಂಗೈ ದನದ ಗೊರಸಿನ ಹಾಗೆ ಜಡ್ಡುಗಟ್ಟಿತ್ತು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ರಸ್ತೆಯ ಗುಂಡಿಯೊಳಗೆ ಇಳಿಸಿ, ವಾಲ್ವು ತಿರುಗಿಸಿ ತಿರುಗಿಸಿ ಆದ ಜಡ್ಡು. ನಾನು ಕೊಡುವ ಕಾಫಿಯ ಲೋಟ ಎಷ್ಟು ಸುಡುತ್ತಿದ್ದರೂ ಆ ಕೈಗೆ ಗೊತ್ತಾಗುತ್ತಿರಲಿಲ್ಲ. ಗಟಗಟ ಕುಡಿದು, ಲೋಟ ತೊಳೆದೇ ಕೊಡುತ್ತಿದ್ದರು. ಮದ್ದೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬಿಡುತ್ತಿದ್ದವರು ಅವರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ನೀರಿನ ಯಜಮಾನರು.

ಬೈಸಿಕೊಳ್ಳುವುದೇ ಅವರ ಕೆಲಸದ ಅರ್ಧ ಭಾಗ. ನೀರು ಸಣ್ಣಗೆ ಬಂದರೂ ಬೈಗುಳ, ಕೆಂಪಗೆ ಬಂದರೂ ಬೈಗುಳ. "ಬಯ್ರವ್ವ, ಬಯ್ರಿ. ಬಿಂದ್ಗೆ ತುಂಬ್ದಿದ್ರೂ ಬಾಯಾದ್ರೂ ತುಂಬ್ಲಿ" ಎಂದು ಕೀಲಿಯನ್ನು ಹೆಗಲಿಗೇರಿಸಿ ಮುಂದಿನ ಬೀದಿಗೆ ನಡೆಯುತ್ತಿದ್ದರು.

ಮನೆಯಲ್ಲಿ ಇದ್ದದ್ದು ನಾನು, ನನ್ನವ್ವ ಇಬ್ಬರೇ. ಅವ್ವನಿಗೆ ಮರೆವು ಹತ್ತಿತ್ತು. ಹಲಗೂರು ಕಡೆಯ ನಮ್ಮೂರಿನಲ್ಲಿ ಅಪ್ಪನಿಗೆ ಗದ್ದೆಗೆ ಬುತ್ತಿ ಒಯ್ಯುತ್ತಿದ್ದ ಕಾಲದಲ್ಲೇ ಅವಳು ನಿಂತುಬಿಟ್ಟಿದ್ದಳು. ಬಾಗಿಲು ತೆರೆದದ್ದು ಕಂಡರೆ ಸಾಕು, ಡಬ್ಬಿ ಹಿಡಿದು ಹೊರಟಳೇ. ನೋಡಿಕೊಳ್ಳಲು ಬರುತ್ತಿದ್ದ ಹೆಂಗಸಿನ ಕಣ್ಣು ತಪ್ಪಿಸಿ ಒಂದು ಬೆಳಗ್ಗೆ ಬಸ್ ಸ್ಟ್ಯಾಂಡ್ ಮುಟ್ಟಿದವಳನ್ನು ಯಜಮಾನರೇ ಕರೆತಂದರು. ಹೆಗಲ ಮೇಲೆ ಕೀಲಿ, ಇನ್ನೊಂದು ಕೈಯಲ್ಲಿ ಅವ್ವನ ಕೈ. ದಾರಿಯುದ್ದಕ್ಕೂ ಬೀದಿಯವರು ನೋಡಿದ್ದರಂತೆ, ಒಬ್ಬರೂ ತಡೆದಿರಲಿಲ್ಲ. ನಾನು ಬೆಸಗರಹಳ್ಳಿ ಹತ್ತಿರದ ಶಾಲೆಯಲ್ಲಿ ಟೀಚರು. ಅಂದಿನಿಂದ ಪಾಠ ಮಾಡುತ್ತಿದ್ದುದು ನಾನಲ್ಲ, ನನ್ನ ಭಯ.

ಸ್ವಂತ ಮನೆ ಕೊಳ್ಳೋಣವೆಂದು ಹೊರಟಾಗ ಹೊಸ ಲೇಔಟಿನ ಒಂದು ಮನೆಗೆ ಮರುಳಾದೆ. ಅಗಲ ರಸ್ತೆ, ಗ್ರಾನೈಟ್ ಮೆಟ್ಟಿಲು, ಆಳೆತ್ತರದ ಗೇಟು. ಬ್ರೋಕರಿಗೆ ಮಾತು ಕೊಡುವುದಷ್ಟೇ ಬಾಕಿ. ಯಜಮಾನರಿಗೆ ಕಾಫಿ ಕೊಡುತ್ತಾ ಜಂಬದಿಂದಲೇ ಹೇಳಿದೆ.

"ಎಷ್ಟೊತ್ನಲ್ಲಿ ಓಗಿ ನೋಡ್ದೆ?" ಎಂದರು.

"ಭಾನುವಾರ ಮಧ್ಯಾಹ್ನ."

"ಬಾನ್ವಾರ ಮದ್ಯಾನ ಎಲ್ರೂ ಒಳ್ಳೇರೇ ಕಣಮ್ಮ, ಉಂಡು ಮಲ್ಗಿರ್ತಾರೆ. ನೀರ್ ಬುಟ್ಟಾಗ ಬಂದು ನೋಡು. ಬತ್ತಾ ಒಂದು ಖಾಲಿ ಬಿಂದ್ಗೆ ತಕಂಡ್ ಬಾ."

ಬಿಂದಿಗೆ ಯಾಕೆಂದು ಹೇಳಲಿಲ್ಲ. ಮರುದಿನ ಬೆಳಗ್ಗೆ ಶಾಲೆಗೆ ಹೊರಡುವ ಮೊದಲು, ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಅವರ ಹಿಂದೆ ನಡೆದೆ. ಲೇಔಟಿನಲ್ಲಿ ನಾನು ಮೆಚ್ಚಿದ ಮನೆಯ ಗೇಟಿನ ಹೊರಗಿದ್ದ ನಲ್ಲಿಗೆ ಬಿಂದಿಗೆ ಹಿಡಿದೆವು. ವಾಲ್ವು ತಿರುಗಿಸಿದ್ದೇ ತಡ, ಗೇಟುಗಳ ಒಳಗಿಂದ ಗುಂಯ್ ಎಂದು ಸದ್ದು. ಸಾಲು ಮನೆಯವರೆಲ್ಲ ಪೈಪಿಗೇ ಮೋಟಾರು ಕೂರಿಸಿ ನೀರೆಳೆಯುತ್ತಿದ್ದರು. ನಮ್ಮ ನಲ್ಲಿಯಲ್ಲಿ ಬಂದದ್ದು ಬರೀ ಗಾಳಿ. ಒಂದು ಗೇಟೂ ತೆರೆಯಲಿಲ್ಲ.

ಆಮೇಲೆ ಕರೆದೊಯ್ದದ್ದು ಹಳೇ ಊರಿನ ಒಂದು ಇಕ್ಕಟ್ಟು ಬೀದಿಗೆ. ಅಲ್ಲೂ ಒಂದು ಹೆಂಚಿನ ಮನೆ ಮಾರಾಟಕ್ಕಿತ್ತು, ಬೀಗ ಹಾಕಿತ್ತು. ನಡುಮನೆ ಹಾಡಹಗಲೇ ಕತ್ತಲು ಎಂದು ನಾನಾಗಲೇ ಬೇಡವೆಂದಿದ್ದ ಮನೆ. ಅದರ ಬಾಗಿಲ ಮುಂದೆ ಬಿಂದಿಗೆ ಇಟ್ಟು, ನನ್ನನ್ನು ಮೂಲೆಗೆ ನಿಲ್ಲಿಸಿ ನೀರು ಬಿಟ್ಟರು. ಬಿಡುತ್ತಿದ್ದಂತೆ ಇಬ್ಬರು ಹೆಂಗಸರು ಬೀದಿ ನಲ್ಲಿಯ ಸರದಿಗಾಗಿ ಒಬ್ಬರಿಗೊಬ್ಬರು ಬೈದಾಡತೊಡಗಿದರು. ಏನು ಬಾಯಿ ಅಂತೀರಿ!

"ಇಂಥಾ ಬೀದಿನಾ ಯಜಮಾನ್ರೇ?" ಎಂದೆ.

"ಬೈದಾಡ್ಲಿ ಬುಡು. ಇಂಗೆ ಬಯ್ಯೋರು ನಿಮ್ಮವ್ವ ಬೀದಿಗೆ ಬಂದ್ರೆ ಕೂಗಿ ನಿಲ್ಲುಸ್ತಾರೆ. ಗೇಟಾಕ್ಕಂಡೋರು ಕಿಟ್ಕೀಲಿ ನೋಡ್ತಾರೆ, ಅಷ್ಟೇಯ."

ಬೈದು ಗೆದ್ದಾಕೆ ತನ್ನ ಕೊಡಗಳನ್ನು ತುಂಬಿದಳು. ಆಮೇಲೆ ಪೈಪು ಎಳೆದು ನನ್ನ ಬಿಂದಿಗೆಯನ್ನೂ ತುಂಬಿ, ಒಳಗಿಂದ ತಟ್ಟೆ ತಂದು ಮುಚ್ಚಿದಳು. ನಾನು ತಡೆಯಲಾರದೆ ಹೋಗಿ, ಅದು ಯಾರದೆಂದು ಗೊತ್ತೇ ಎಂದು ಕೇಳಿದೆ.

"ಯಾರ್ದಾದ್ರೇನವ್ವ? ನೀರು ನಿಂತೋದ್ಮೇಲೆ ಬತ್ತಾರೆ, ಪಾಪ" ಎಂದಳು.

ಆ ಕತ್ತಲು ಮನೆಯನ್ನೇ ಕೊಂಡೆ. ಬೈದು ಗೆದ್ದಾಕೆಯೇ ನನ್ನ ಪಕ್ಕದ ಮನೆಯವಳಾದಳು. ಹೋಗಿ ಎರಡು ತಿಂಗಳಾಗಿರಲಿಲ್ಲ, ಶಾಲೆಯಲ್ಲಿದ್ದಾಗ ಅವಳ ಫೋನು. "ಟೀಚರಮ್ಮ, ನಿಮ್ಮವ್ವ ಬುತ್ತಿ ತಕಂಡು ಗದ್ದೆಗೆ ಒಂಟಿದ್ರು. ನಮ್ಮ ಜಗ್ಲೀನೇ ಗದ್ದೆ ಅಂತ ಏಳಿ ಕೂರುಸ್ಕಂಡಿವ್ನಿ. ಬುತ್ತೀನೂ ಇಬ್ರೇ ಉಂಡೊ. ಗಾಬ್ರಿ ಬೀಳ್ಬೇಡಿ, ಪಾಠ ಮುಗುಸ್ಕಂಡೇ ಬನ್ನಿ." ಫೋನಿಟ್ಟು ಸ್ಟಾಫ್ ರೂಮಿನಲ್ಲಿ ಅತ್ತುಬಿಟ್ಟೆ. ಎಷ್ಟು ವರ್ಷದಿಂದ ಬಿಗಿಹಿಡಿದಿದ್ದ ಉಸಿರೋ ಅದು! ಯಜಮಾನರಿಗೆ ಹೇಳಿದಾಗ, "ಕಾಫಿಗೆ ಸಕ್ರೆ ಕಮ್ಮಿ ಆಗದೆ ಕಣಮ್ಮ" ಎಂದರು. ಹೊಗಳಿಕೆಗೆ ಅವರು ಕೊಡುತ್ತಿದ್ದ ಉತ್ತರ ಯಾವಾಗಲೂ ಇಂಥದೇ.

ನಿವೃತ್ತರಾಗಿ ವೈದ್ಯನಾಥಪುರದ ಹತ್ತಿರದ ತಮ್ಮ ಊರಿಗೆ ಹೋದರು. ಕಳೆದ ವರ್ಷ ತೀರಿಕೊಂಡ ಸುದ್ದಿ ಬಂದಾಗ, ಯಾರಿಗೂ ಹೇಳದೆ ಹಾಗೇ ಬಸ್ಸು ಹತ್ತಿದೆ. ಮಲಗಿಸಿದ್ದರು. ಅಂಗೈ ಮೇಲಾಗಿತ್ತು. ಆ ಜಡ್ಡನ್ನು ಒಮ್ಮೆ ಮುಟ್ಟಿ ಬಂದೆ.

ವಾಪಸು ಬಂದು ನಮ್ಮ ಬೀದಿಗೆ ತಿರುಗಿದಾಗಲೇ ಅವ್ವನ ನೆನಪಾದದ್ದು. ನೋಡಿಕೊಳ್ಳುವ ಹೆಂಗಸಿಗೆ ಅಂದು ರಜೆ. ಓಡಿ ಬಂದು ನೋಡಿದರೆ ಅವ್ವ ಪಕ್ಕದ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಅಂದು ನಮ್ಮ ಬೀದಿಗೆ ನೀರಿನ ದಿನ ಎಂಬುದೂ ಮರೆತಿತ್ತು. ನನ್ನ ಬಾಗಿಲ ಮುಂದೆ ಬಿಂದಿಗೆ ತುಂಬಿತ್ತು, ಮೇಲೆ ತಟ್ಟೆ. ಸಾವಿನ ಮನೆಯಿಂದ ಬಂದವಳು ಹಾಗೇ ಒಳಗೆ ಹೋಗುವಂತಿಲ್ಲ. ನಾನು ಹೊಸ್ತಿಲಾಚೆಯೇ ನಿಂತದ್ದು ಕಂಡು ತಿಳಿದುಕೊಂಡ ಪಕ್ಕದ ಮನೆಯವಳು ಬಿಂದಿಗೆ ಎತ್ತಿ ನನ್ನ ಕಾಲ ಮೇಲೆ ನೀರು ಹುಯ್ದಳು.

"ಯಾರು ಓದ್ರವ್ವಾ?" ಎಂದು ಅವ್ವ ಕೇಳಿದಳು.

"ನೀರು ಬಿಡೋ ಯಜಮಾನ್ರು ಕಣವ್ವ."

ಅವ್ವ ಸುಲಿಯುವುದನ್ನು ನಿಲ್ಲಿಸಿದಳು. "ಅಂಗಾರೆ ಇನ್ಮೇಲೆ ನೀರು ಬರಾಕಿಲ್ವಾ?"

"ಬತ್ತದೆ ಕಣವ್ವ" ಎಂದೆ. ನನ್ನ ಪಾದದ ಮೇಲೆ ಆ ನೀರು ಇನ್ನೂ ಹರಿಯುತ್ತಿತ್ತು.