ಹತ್ತಿ ಮಿಲ್ಲಿನ ತಂಡದ ಬಸ್ಸು

ಅಕ್ಟೋಬರ್ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಅಮೆರಿಕದ ಸುವಾನಿಯಲ್ಲಿ ಮಗಳ ಮನೆಯ ಗ್ಯಾರೇಜು. ಹಾಜರಿದ್ದವರು ನಾನು, ನನ್ನ ಹೆಂಡತಿ ಸರೋಜ, ಮತ್ತು ರಾಜ್ಯೋತ್ಸವದ ಸಭೆಗೆ ಸಾಗಿಸಬೇಕಾದ ಮಡಿಸುವ ಕುರ್ಚಿಗಳು. ನಾನು ಒಂದೊಂದನ್ನೇ ಬಿಡಿಸಿ, ಒರೆಸಿ, ಮಡಿಸಿ ಇಡುತ್ತಿದ್ದೆ. ಮೂರನೆಯದನ್ನು ತಲೆಕೆಳಗು ಮಾಡಿದಾಗ ಅಡಿಯಲ್ಲಿ ನೀಲಿ ಟೇಪಿನ ತುಂಡೊಂದು ಸಿಕ್ಕಿತು. ಅಂಚು ಸುರುಳಿಗಟ್ಟಿತ್ತು. ಮೇಲೆ ನಲವತ್ತೊಂದು ಎಂಬ ಅಂಕಿ, ಪಕ್ಕದಲ್ಲಿ ರಷ್ಯನ್ ಲಿಪಿಯ ಒಂದು ಅಕ್ಷರ.

"ಅದೇನ್ರೀ, ಕುರ್ಚಿ ತಲೆಕೆಳಗು ಹಿಡ್ಕೊಂಡು ಧ್ಯಾನ ಮಾಡ್ತಿದ್ದೀರಾ?" ಎಂದಳು ಸರೋಜ.

"ಏನಿಲ್ಲ ಕಣೇ, ಧೂಳು."

ಸುಳ್ಳು ಹೇಳಿದೆ. ಆ ಟೇಪಿನ ಹಿಂದಿನ ವಿಷಯದಲ್ಲಿ ನಾನು ನಿಜ ಮುಚ್ಚಿಟ್ಟದ್ದು ಅದೇ ಮೊದಲೂ ಅಲ್ಲ.

ನಾಲ್ಕು ವರ್ಷದ ಹಿಂದೆ ನಮ್ಮ ಬೀದಿಯ ತುದಿಯ ಮನೆಯಲ್ಲಿ ರುಸ್ತಮ್ ಅಕಾ ಇದ್ದರು. ಉಜ್ಬೇಕಿಸ್ತಾನದವರು. ಅವರಲ್ಲಿ 'ಅಕಾ' ಎಂದರೆ ಅಣ್ಣ. ನಾನು ಹಾಗೆ ಕೂಗಿದಾಗಲೆಲ್ಲ ಸರೋಜ ಒಳಗೆ ಹೋಗಿ ನಕ್ಕು ಬರುತ್ತಿದ್ದಳು, ಇಷ್ಟು ದಪ್ಪ ಮೀಸೆಯ ಅಕ್ಕನನ್ನು ತಾನು ಕಂಡಿಲ್ಲವೆಂದು. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲ. ಆರೂವರೆಗೆ ಸರಿಯಾಗಿ ಕೆರೆಯ ಸುತ್ತ ನಡೆಯುವವರು ನಾವಿಬ್ಬರೇ. ಮೊದಲು ಆರಡಿ ಅಂತರ, ಆಮೇಲೆ ಮೂರಡಿ, ಆಮೇಲೆ ಸ್ನೇಹ. ಇಬ್ಬರದೂ ಮುರುಕು ಇಂಗ್ಲಿಷ್. ಮುರುಕು ಭಾಷೆಯಲ್ಲಿ ಒಂದು ಅನುಕೂಲವಿದೆ ನೋಡಿ, ಸುತ್ತಿ ಬಳಸಿ ಮಾತಾಡಲು ಆಗುವುದಿಲ್ಲ.

ನನ್ನ ಕೆಲಸ ಏನಿತ್ತೆಂದು ಅವರು ಕೇಳಿದ್ದರು. ಓಡುವ ರೈಲಿನಲ್ಲಿ ನಿಂತು ಕಾಗದ ವಿಂಗಡಿಸುವುದು ಎಂದೆ. ಅಂದಿನಿಂದ ನಾನು ಅವರ ಬಾಯಲ್ಲಿ ಪೋಸ್ಟ್‌ಮಾಸ್ಟರ್. ಇಲಾಖೆ ಕೊಡದ ಬಡ್ತಿಯನ್ನು ಅವರು ಕೊಟ್ಟರು.

ಅವರದು ಸಣ್ಣ ಊರೊಂದರ ಫುಟ್‌ಬಾಲ್ ಕ್ಲಬ್ಬು. ಅವರು ಆಟಗಾರರಲ್ಲ. ಬಟ್ಟೆ, ಬೂಟು, ಬಸ್ಸಿನ ಹಾಜರಿ ನೋಡಿಕೊಳ್ಳುವವರು. ಮೊದಲು ಅದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ತಂಡ. ಒಗೆದ ಅಂಗಿಗಳನ್ನು ಮಿಲ್ಲಿನ ಬಿಸಿ ಕೊಳವೆಗಳ ಮೇಲೆ ಒಣಹಾಕಿದರೆ ಮೈತುಂಬ ಹತ್ತಿಯ ನಾರು. ರಾಜಧಾನಿಯ ಜನ 'ಹತ್ತಿಬೀಜಗಳು ಬಂದವು' ಎಂದು ಹಂಗಿಸುತ್ತಿದ್ದರಂತೆ. ಸೋವಿಯತ್ ಒಕ್ಕೂಟ ಒಡೆದು ದೇಶ ಬೇರೆಯಾಯಿತು. ತಂಡ ವೃತ್ತಿಪರವಾಯಿತು, ಆದರೆ ಸಂಬಳಕ್ಕೆ ಮಿಲ್ಲಿನಲ್ಲಿ ದುಡ್ಡಿಲ್ಲ. ಗೆದ್ದ ವಾರ ಆಟಗಾರರ ಕೈಗೆ ಹತ್ತಿಬೀಜದ ಎಣ್ಣೆಯ ಡಬ್ಬಿ. "ಗೋಲ್‌ಕೀಪರ್ ಮನೆಯಲ್ಲಿ ಮಾತ್ರ ಎಣ್ಣೆ ಯಾವಾಗಲೂ ಖಾಲಿ, ಏಳು ಮಕ್ಕಳು" ಎಂದು ಅಕಾ ನಗುತ್ತಿದ್ದರು. ಆಮೇಲೆ ಮಿಲ್ಲು ಮುಚ್ಚಿತು, ಕ್ಲಬ್ಬಿನ ಹೆಸರು ಬದಲಾಯಿತು, ತಂಡ ಕೆಳಗಿನ ದರ್ಜೆಗೆ ಇಳಿಯಿತು, ಬಸ್ಸು ಮಾರಾಟವಾಯಿತು. ಕೊನೆಗೆ ಹೊಸ ಯಜಮಾನರು ಬಂದು, ಹೊಸ ಲಾಂಛನ ಹಾಕಿ, ಕ್ಲಬ್ಬು ಹುಟ್ಟಿದ್ದೇ ತಮ್ಮ ಕಾಲದಲ್ಲಿ ಎಂದರು.

ಅಂಥವರಿಂದಲೇ ಒಂದು ದಿನ ಅಕಾಗೆ ಫೋನು ಬಂತು. ಮೈದಾನದ ಹೊಸ ಗೋಡೆಯ ಮೇಲೆ ಹಳೆಯ ಆಟಗಾರರ ಹೆಸರನ್ನೂ ಕೆತ್ತಿಸುತ್ತಾರಂತೆ. ಮಿಲ್ಲಿನ ದಾಖಲೆ ಯಾವುದೂ ಉಳಿದಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಅಲ್ಲಿನ ಸಂಜೆ ಆರಕ್ಕೆ, ವಿಡಿಯೊದಲ್ಲಿ ಅಕಾ ಹೇಳಿದ ಹೆಸರುಗಳೇ ಗೋಡೆಗೆ. ಹೇಳದವು ಇಲ್ಲ.

ಅಕಾ ಬಳಿ ಬೂಟಿನ ಡಬ್ಬಿಯಲ್ಲಿ ಕಾರ್ಡುಗಳಿದ್ದವು, ಆಟಗಾರನಿಗೊಂದು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವ ಮುನ್ನ ಡಬ್ಬಿಯನ್ನು ನನ್ನ ಕೈಗಿಟ್ಟರು. "ನಿನ್ನ ಅಕ್ಷರ ಚೆಂದ. ಅಂಕಿಗಳನ್ನು ದೊಡ್ಡದಾಗಿ ಬರೆದುಕೊಡು. ನನ್ನ ಕಣ್ಣಿಗೆ ಕಾಣುವುದಿಲ್ಲ."

ತೆಗೆದು ನೋಡಿದೆ. ಬೂಟಿನ ಅಳತೆ, ಯಾವ ಮಂಡಿ ನೋವು, ತಂಡಕ್ಕೆ ಸೇರಿದ ತಾರೀಖು. ಹೆಸರಿಲ್ಲ. ತಾರೀಖುಗಳೋ ಹಿಂದುಮುಂದು, ಚೆಲ್ಲಾಪಿಲ್ಲಿ. ನನ್ನ ಬೆರಳು ಸುಮ್ಮನಿರುತ್ತದೆಯೇ? ಕಾಲು ಗಂಟೆಯಲ್ಲಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಶಹಭಾಸ್‌ಗಿರಿಗೆ ಕಾದು ಕೂತೆ.

ಅಕಾ ಬಂದರು. ಒಂದೊಂದೇ ಕಾರ್ಡನ್ನು ಮೇಜಿನ ಮೇಲೆ ಇಟ್ಟರು. "ಇವನು ಕಿಟಕಿ ಪಕ್ಕ... ಅಲ್ಲ. ಇವನು..." ಅವರ ಕೈ ನಿಂತಿತು. ಅವರ ಬಾಯಿಂದಲೇ ಆಗ ಗೊತ್ತಾಯಿತು. ಕಾರ್ಡಿನ ಮೇಲೆ ಹೆಸರು ಬರೆದರೆ ಕಾಲಿಗೆ ಪೆಟ್ಟು ಎಂಬ ನಂಬಿಕೆ ಅವರ ತಂಡದಲ್ಲಿತ್ತು. ಅದಕ್ಕೇ ಅಕಾ ಕಾರ್ಡುಗಳನ್ನು ಬಸ್ಸಿನ ಆಸನಗಳ ಕ್ರಮದಲ್ಲಿ ಇಟ್ಟಿದ್ದರು. ಗೆದ್ದ ತಂಡ ಜಾಗ ಬದಲಿಸುವುದಿಲ್ಲ, ಹಾಗಾಗಿ ಆ ಕ್ರಮವೇ ಹೆಸರು.

"ನಾನೇ ಯಾವಾಗಲೋ ಹೀಗೆ ಜೋಡಿಸಿ ಮರೆತಿದ್ದೇನೆ, ಪೋಸ್ಟ್‌ಮಾಸ್ಟರ್. ನನ್ನ ಅಣ್ಣನಿಗೂ ಹೀಗೇ ಶುರುವಾಗಿತ್ತು. ಕೊನೆಗೆ ನನ್ನನ್ನೇ ಯಾರು ಅಂತ ಕೇಳಿದ."

ಜೋಡಿಸಿದ್ದು ನಾನೆಂದು ಹೇಳಲಿಲ್ಲ. ರಬ್ಬರ್ ಬ್ಯಾಂಡನ್ನು ಜೇಬಿಗೆ ಹಾಕಿಕೊಂಡೆ.

ಇಷ್ಟು ವರ್ಷ ನನ್ನನ್ನು ಕುಟುಕಿದ್ದು ಏನು ಗೊತ್ತೇ? ನಮ್ಮ ರೈಲಿನ ಅಂಚೆ ಬೋಗಿಯ ಗೂಡುಗಳೂ ಅಕಾರಾದಿಯಲ್ಲಿ ಇರಲಿಲ್ಲ. ಅರಸೀಕೆರೆ, ಕಡೂರು, ಬೀರೂರು ಎಂದು ಊರು ಬರುವ ಕ್ರಮದಲ್ಲಿದ್ದವು. ಯಾರೋ ತಿಳಿದವನು ಬಂದು ಅವನ್ನು 'ಸರಿಪಡಿಸಿದ್ದರೆ' ನಾನು ಅವನನ್ನು ರೈಲಿನಿಂದ ಇಳಿಸುತ್ತಿದ್ದೆ.

ಮರುದಿನ, ಶನಿವಾರ ಬೆಳಿಗ್ಗೆ, ನಡೆಯಲು ಹೋಗಲಿಲ್ಲ. ಗ್ಯಾರೇಜಿನಲ್ಲಿ ಈ ಕುರ್ಚಿಗಳನ್ನೇ ಎರಡೆರಡಾಗಿ, ನಡುವೆ ದಾರಿ ಬಿಟ್ಟು, ಬಸ್ಸಿನಂತೆ ಹಾಕಿ ಅಕಾರನ್ನು ಕರೆತಂದೆ. ಮುಂದಿನಿಂದ ಹತ್ತಿಸಿದೆ. ಅವರು ಬೂಟಿನ ಚೀಲ ಹಿಡಿದವರಂತೆ ಕೈ ಮಡಿಚಿ ನಡೆದರು. ಕಾಲಿಗೆ ನೆನಪಿತ್ತು. "ಇಲ್ಲಿ ನಲವತ್ತೊಂದು, ಎಡಮಂಡಿ. ವಾಂತಿ ಮಾಡುತ್ತಾನೆ, ಅದಕ್ಕೇ ಕಿಟಕಿ. ಇವನು ಹಾಡುತ್ತಾನೆ, ಹಿಂದೆ ಇರಲಿ." ನಾನು ಟೇಪು ಹರಿದು ಕೊಡುತ್ತಾ ಹೋದೆ, ಅವರು ಅಳತೆಯನ್ನೂ ಹೆಸರಿನ ಮೊದಲಕ್ಷರವನ್ನೂ ಬರೆದು ಅಂಟಿಸುತ್ತಾ ಹೋದರು. ಒಂಬತ್ತಕ್ಕೆ ಎಲ್ಲ ಹೆಸರನ್ನೂ ಹೇಳಿದರು, ನೆನಪಿಗೆ ಬಾರದ ಕೊನೆಯ ಸಾಲಿನ ಒಬ್ಬನದನ್ನು ಬಿಟ್ಟು. ಗೋಡೆಯ ಮೇಲೆ ಒಂದು ಸಾಲು ಖಾಲಿ ಬಿಡಿ ಎಂದರು.

ಆ ಸಂಜೆಯೇ ಅಕಾ ತಾವಾಗಿ ಕಾರಿನ ಕೀಯನ್ನು ಮಗನಿಗೆ ಕೊಟ್ಟರು. ಮರೆವು ಶುರುವಾದವನು ಡ್ರೈವ್ ಮಾಡಬಾರದಂತೆ. ಆಗಲೂ ನಾನು ನಿಜ ಹೇಳಲಿಲ್ಲ. ಲಾರಿ ಓಡಿಸುವ ಆ ಮಗ ಮರುವರ್ಷ ಅಕಾರನ್ನೂ ಕರೆದುಕೊಂಡು ಷಾರ್ಲೆಟ್‌ಗೆ ಮನೆ ಬದಲಿಸಿದ. ಕೀ ಅವನ ಬಳಿಯೇ ಉಳಿಯಿತು.

ಈ ಬೆಳಿಗ್ಗೆ ಟೇಪನ್ನು ಮತ್ತೆ ಒತ್ತಿ ಅಂಟಿಸಿ, ಗ್ಯಾರೇಜಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. "ನೆಲ ಸವೀತದೆ, ಏನಿದ್ರೂ ಮಾಡಿ ಮುಗಿಸಿ" ಎಂದಳು ಸರೋಜ. ಫೋನು ಮಾಡಿದೆ.

"ಅಕಾ, ಆ ಕಾರ್ಡುಗಳನ್ನು ಜೋಡಿಸಿದ್ದು ನೀವಲ್ಲ. ನಾನು."

ಆ ಕಡೆ ಟೀ ಬಟ್ಟಲು ಕೆಳಗಿಟ್ಟ ಸದ್ದು.

"ತಾರೀಖಿನ ಪ್ರಕಾರ?"

"ತಾರೀಖಿನ ಪ್ರಕಾರ."

"ಕತ್ತೆ," ಎಂದರು. "ನಾಲ್ಕು ವರ್ಷ, ಪೋಸ್ಟ್‌ಮಾಸ್ಟರ್! ಸೊಸೆ ನೆನಪಿಗೆ ಒಳ್ಳೆಯದೆಂದು ದಿನಾ ಅಕ್ರೋಟು ತಿನ್ನಿಸುತ್ತಾಳೆ. ಇವತ್ತು ಯಾವ ವಾರ ಎಂದು ಕೇಳುತ್ತಾಳೆ. ನಾನು ಹೇಳಿದ ಮೇಲೆ ಕ್ಯಾಲೆಂಡರ್ ನೋಡುತ್ತಾಳೆ. ತಡಿ. ಇದನ್ನು ನನ್ನ ಮಗನಿಗೆ ಹೇಳು. ಈಗಲೇ."

ಮಗನಿಗೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವೆಂದು ನೀವು ಅಂದುಕೊಂಡಿದ್ದರೆ, ಅಲ್ಲ. "ಓಕೆ ಅಂಕಲ್," ಎಂದ ಆತ ಗಂಭೀರವಾಗಿ, "ಆದರೆ ಕಣ್ಣು ಪರೀಕ್ಷೆ ಆಗದೆ ಕೀ ಇಲ್ಲ."

ಅಕಾ ಫೋನು ಕಸಿದುಕೊಂಡರು. "ಆ ಕೊನೆಯ ಕುರ್ಚಿ ಇದೆಯಾ?"

"ಇದೆ. ಅದೊಂದಕ್ಕೆ ಮಾತ್ರ ಟೇಪಿಲ್ಲ."

"ಅವನ ಹೆಸರು ಹೋಯಿತು ಅಂದುಕೊಂಡು ಹುಡುಕುವುದನ್ನೇ ಬಿಟ್ಟಿದ್ದೆ. ಇನ್ನು ಹುಡುಕುತ್ತೇನೆ. ಜಾಗ ಹಿಡಿದಿಡು."

ಹತ್ತು ಗಂಟೆ ನಲವತ್ತು ನಿಮಿಷ. ಕುರ್ಚಿಗಳನ್ನು ಬಸ್ಸಿನ ಕ್ರಮದಲ್ಲೇ ವ್ಯಾನಿಗೆ ಹೇರಿದೆ. ಕೊನೆಯದರ ಅಡಿಯಲ್ಲಿ ನೀಲಿ ಟೇಪಿನ ತುಂಡೊಂದನ್ನು, ಏನೂ ಬರೆಯದೆ, ನೆಟ್ಟಗೆ ಅಂಟಿಸಿದೆ. ಅದನ್ನೂ ಹೇರಿ ಬಾಗಿಲು ಹಾಕಿದೆ.