ತಾವು ಮೊದಲು, ಹಾಜಿಯವರೇ

ಅರ್ದಕಾನ್ ಎಂಬ ಊರಿನ ಎಳ್ಳೆಣ್ಣೆ ಗಾಣದ ಅಬುತಾಲೆಬ್ ಹುಟ್ಟಿದಂದಿನಿಂದ ಯಾವ ಬಾಗಿಲನ್ನೂ ಮೊದಲು ದಾಟಿದವನಲ್ಲ. "ತಾವು ಮೊದಲು" ಎಂದು ಎದೆಯ ಮೇಲೆ ಕೈಯಿಟ್ಟು ನಿಂತನೆಂದರೆ ಹಿಂದಿದ್ದವರು ದಾಟಬೇಕು, ಬೆಕ್ಕಿದ್ದರೆ ಬೆಕ್ಕೂ ದಾಟಬೇಕು, ಆಮೇಲೆ ಅವನು. ಅವನ ಮಾವನೂ ಅಂಥವನೇ. ಮದುವೆಯ ದಿನ ಇಬ್ಬರೂ ಹೊಸಿಲಲ್ಲೇ ನಿಂತು ಅನ್ನವೆಲ್ಲ ತಣ್ಣಗಾಗಿತ್ತಂತೆ. ಒಳ್ಳೆಯ ಮನುಷ್ಯ ಆ ಮಾವ, ಗೊರಕೆ ಮಾತ್ರ ಒಂಟೆಯದು. ಇರಲಿ, ಈಗ ಹೇಳಬೇಕಾದ್ದು ಮೋಟಾರ್ ಸೈಕಲ್ಲಿನ ಮಾತು.

ಆ ಗಾಡಿ ಅಬುತಾಲೆಬನ ಮಗ ಯಾಸೆರನಿಗಿಂತ ಹಿರಿಯದು. ಮುಂದಿನ ಬ್ರೇಕಿನ ತಂತಿ ಎಂದೋ ಕಿತ್ತುಹೋಗಿತ್ತು. ಹಿಂದಿನದು ಹಿಡಿಯುತ್ತಿತ್ತು, ಆದರೆ ಕತ್ತೆಯ ಹಾಗೆ ಕಿರುಚಿ ಹಿಡಿಯುತ್ತಿತ್ತು. ಆ ಸದ್ದಿಗೇ ಓಣಿಯ ಹೆಂಗಸರು ತಲೆಯ ಮೇಲಿನ ಚಾದರ ಸರಿಮಾಡಿಕೊಳ್ಳುತ್ತಿದ್ದರು, ಹೆಂಡತಿ ಸೊಗ್ರಾ ಚಹಾಕ್ಕಿಡುತ್ತಿದ್ದಳು.

ಹಾಜಿ ಯದೊಲ್ಲಾ ಅವರ ಮೊಮ್ಮಗಳು ತಯ್ಯೆಬೆಯನ್ನಲ್ಲದೆ ಬೇರೆ ಯಾರನ್ನೂ ಮದುವೆಯಾಗುವುದಿಲ್ಲವೆಂದು ಯಾಸೆರ್ ಅನ್ನ ಬಿಟ್ಟು ಕೂತ. ಹೆಣ್ಣು ಕೇಳಲು ಹೋಗುವುದೆಂದಾಯಿತು.

"ಅಲ್ಲಿಗೂ ಈ ಕತ್ತೇನ ಕಿರುಚಿಸ್ಕೊಂಡೇ ಬರ್ತೀರಾ?" ಎಂದಳು ಸೊಗ್ರಾ. "ಗಾಣದ ತುಂಬ ಎಣ್ಣೆ ಇದೆ. ಒಂದು ಚಮಚ ಬಿಡೋಕೆ ಏನು ಧಾಡಿ?"

ಅರ್ದಕಾನಿನಲ್ಲಿ ಕಿರುಚುವುದಕ್ಕೆಲ್ಲ ಎಳ್ಳೆಣ್ಣೆಯೇ ಮದ್ದು, ಅದು ಬಾಗಿಲಾಗಲಿ, ಕೂಸಾಗಲಿ. ಅಬುತಾಲೆಬ್ ಗಾಡಿ ವಾಲಿಸಿ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನ ಸಂದಿಗೆ ಧಾರಾಳವಾಗಿ ಸುರಿದ. ತಳ್ಳಿ ನೋಡಿದ. ಸದ್ದೇ ಇಲ್ಲ. ಹಿಗ್ಗಿದ.

ಮರುದಿನ ಮನೆಯವರು ಟ್ಯಾಕ್ಸಿಯಲ್ಲಿ ಮುಂದೆ ಹೋದರು. ಅವನು ಹಲ್ವದ ಡಬ್ಬಿಯನ್ನು ಟ್ಯಾಂಕಿಗೆ ಕಟ್ಟಿಕೊಂಡು ಹಿಂದೆ ಹೊರಟ. ಹಾಜಿಯವರ ಓಣಿ ಇಳಿಜಾರು. ಎರಡೂ ಕದ ತೆರೆದು ಅವರು ಹೊಸಿಲಲ್ಲಿ ನಿಂತಿದ್ದರು. ಅಬುತಾಲೆಬ್ ಬ್ರೇಕಿನ ಪೆಡಲ್ ತುಳಿದ. ಬೆಣ್ಣೆ ತುಳಿದ ಹಾಗಾಯಿತು.

"ತಾವು ಮೊದಲು, ಹಾಜಿಯವರೇ! ತಾವು ಮೊದಲು!" ಎಂದು ಕೂಗುತ್ತಲೇ ಅವರ ಟೋಪಿ ಹಾರಿಸಿ, ಅವರಿಗಿಂತ ಮೊದಲು ಒಳನುಗ್ಗಿ, ಅಂಗಳದ ದಾಳಿಂಬೆ ಗಿಡಕ್ಕೆ ಗುದ್ದಿ ನಿಂತ. ಹಲ್ವ ಪಕ್ಕದ ಪುಟ್ಟ ಕೊಳಕ್ಕೆ ಹಾರಿತು. ಮೀನುಗಳಿಗೆ ಹಬ್ಬ.

"ನನ್ನ ಮನೆಗೆ ನನಗಿಂತ ಮೊದಲು ನುಗ್ಗೋರಿಗೆ ಹುಡುಗಿ ಕೊಡಲ್ಲ," ಎಂದರು ಹಾಜಿ. "ಬಾಯಲ್ಲಿ ತಾವು ಮೊದಲು, ಚಕ್ರದಲ್ಲಿ ನಾನು ಮೊದಲು!"

ಯಾಸೆರನ ಮುಖ ಗಾಣದಿಂದ ಬಂದ ಹಿಂಡಿಯಾಯಿತು.

"ಬ್ರೇಕ್ ಹಿಡೀಲಿಲ್ಲ, ನಿಮ್ಮಾಣೆ!" ಎಂದ ಅಬುತಾಲೆಬ್.

"ಹಾಗೋ? ಬಿಚ್ತೀನಿ. ಬ್ರೇಕ್ ಸರಿಯಾಗಿದ್ರೆ ನಿಮ್ಮ ದಾರಿ ನಿಮಗೆ."

ಹಾಜಿಯವರು ಮುಪ್ಪಿನವರೆಗೂ ಗಾಡಿ ರಿಪೇರಿಯಲ್ಲೇ ಬಾಳಿದವರು. ಅಂಗಿಯ ತೋಳು ಮಡಿಸಿ, ಬ್ರೇಕ್ ಕಡ್ಡಿಯ ನಟ್ಟು ತೆಗೆದು, ಆಕ್ಸಲ್ ಎಳೆದು, ಚೈನು ಜಾರಿಸಿ ಚಕ್ರ ಹೊರಗೆ ತಂದರು. ಡ್ರಮ್ಮಿನ ಮುಚ್ಚಳ ಎತ್ತಿದ್ದೇ ತಡ, ಅಂಗಳವೆಲ್ಲ ಎಳ್ಳಿನ ಘಮ. ಚಕ್ರವನ್ನು ಒತ್ತಿ ನಿಲ್ಲಿಸಬೇಕಾದ ಎರಡು ಬ್ರೇಕ್ ಶೂಗಳೂ ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದ್ದವು. ಪಕ್ಕದ ಮನೆಯ ಬೆಕ್ಕು ಗೋಡೆ ಹಾರಿ ಬಂತು.

"ಅಬುತಾಲೆಬ್ ಸಾಹೇಬ್ರೇ, ಇದು ಬ್ರೇಕೋ, ಒಗ್ಗರಣೆಯೋ?"

"ಕಿರುಚ್ತಿತ್ತು, ಅದಕ್ಕೇ..."

"ಧೂಳು ಕೂತ್ರೆ ಕಿರುಚತ್ತೆ. ಒದ್ದೆ ಬಟ್ಟೇಲಿ ಒರೆಸಬೇಕು. ಕುಸ್ತಿಯವನ ಅಂಗೈಗೆ ಎಣ್ಣೆ ಹಚ್ಚಿ ಹಿಡಿ ಅಂದ್ರೆ ಹಿಡೀತಾನಾ?"

ಬೈಯುತ್ತ ಬೈಯುತ್ತ ಹಾಜಿಯವರಿಗೆ ಸಿಟ್ಟೇ ಮರೆತುಹೋಯಿತು. ನೆನೆದ ಶೂ ಎಸೆದರು, ಹಳೆಯ ಪೆಟ್ಟಿಗೆಯಿಂದ ಹೊಸ ಜೋಡಿ ತಂದರು. ಡ್ರಮ್ ತೊಳೆದು ಮರಳುಕಾಗದ ಆಡಿಸಿದರು. "ಜಿಡ್ಡು ಏನಿದ್ರೂ ಈ ಕೀಲಿಗೆ, ಅದೂ ಉಗುರಿನ ತುದಿಯಷ್ಟು," ಎಂದು ಗ್ರೀಸು ಮುಟ್ಟಿಸಿ ಸ್ಪ್ರಿಂಗ್ ಸಿಕ್ಕಿಸಿದರು. ಚಕ್ರ ಹಾಕಿ, ಅದು ಸರಾಗ ತಿರುಗುವಂತೆ, ಪೆಡಲ್ ಚೂರು ತುಳಿದರೆ ಹಿಡಿಯುವಂತೆ ನಟ್ಟು ಕೂರಿಸಿದರು.

"ತಪ್ಪು ಎಣ್ಣೇದು, ಮನುಷ್ಯಂದಲ್ಲ," ಎಂದರು. "ಓಣಿ ತುದಿಗೆ ಹೋಗಿ ಮತ್ತೆ ಬನ್ನಿ. ಮರ್ಯಾದೆಯಿಂದ."

ಅಬುತಾಲೆಬ್ ಮತ್ತೆ ಬಂದ. ಕಿರುಚಲಿಲ್ಲ, ಜಾರಲಿಲ್ಲ, ಗಾಡಿ ಹಾಜಿಯವರ ಚಪ್ಪಲಿಯ ತುದಿಗೆ ಗಪ್ಪನೆ ನಿಂತಿತು. ಇಳಿದು ಎದೆಯ ಮೇಲೆ ಕೈಯಿಟ್ಟ.

"ತಾವು ಮೊದಲು."

"ಛೆ, ಅತಿಥಿಗಳು ಮೊದಲು."

"ಇನ್ನೊಂದ್ಸಲ ಆ ತಪ್ಪು ಮಾಡ್ತೀನಾ, ಹಾಜಿಯವರೇ?"

ಹಾಜಿ ಸೀಟಿನ ಮೇಲೆ ಕೈಯೂರಿ ನಿಂತರು. ಅಬುತಾಲೆಬ್ ಹ್ಯಾಂಡಲ್ ಹಿಡಿದು ನಿಂತ. ಒಳಗೆ ಚಹಾ ಆರಿತು, ಸೊಗ್ರಾ ತಲೆ ಚಚ್ಚಿಕೊಂಡಳು, ಯಾಸೆರ್ ಬೆವೆತ. ಕೊನೆಗೆ ತಯ್ಯೆಬೆ ಚಹಾದ ತಟ್ಟೆ ಕೆಳಗಿಟ್ಟು ಹೊರಗೆ ಬಂದಳು.

"ಅಜ್ಜಾ, ಗಾಡಿಗೆ ನಮ್ಮನೆ ದಾರಿ ಗೊತ್ತು. ಅದೇ ಮೊದಲು ಬರಲಿ," ಎಂದು ಹ್ಯಾಂಡಲ್ಲಿಗೆ ಕೈಹಾಕಿ ಎಳೆದಳು. ಹಿಡಿದುಕೊಂಡಿದ್ದ ಇಬ್ಬರು ಮುದುಕರೂ ಅದರ ಹಿಂದೆ ಜೊತೆಜೊತೆಗೇ ಹೊಸಿಲು ದಾಟಿದರು.